ನಮ್ಮ ಮನೆಯ ಗ್ರೇಟ್ ಧೇನು

ನಮ್ಮ ಮನೆಯಲ್ಲಿ ಊಟಕ್ಕೆ ಕೂತವರನ್ನು "ಇನ್ನೊಂದು ಬೇಕಾ?" ಎಂದು ಕೇಳುವ ಪದ್ಧತಿ ಇಲ್ಲ. ಕಳೆದ ನಾಲ್ಕು ವರ್ಷಗಳಿಂದ ಇಲ್ಲ. ಜಯನಗರದ ಎರಡನೇ ಬ್ಲಾಕಿನಲ್ಲಿ ಜಯದೇವಪ್ಪನೆಂಬ ಗೃಹಸ್ಥನೊಬ್ಬ (ಅವನೇ ನಾನು) ದಿನವೂ ಎರಡೇ ದೋಸೆಗೆ ಕೈ ತೊಳೆದು ಏಳುತ್ತಿದ್ದಾನೆ ಎಂದರೆ ಅವನ ಹೆಂಡತಿ ಜಿಪುಣಿ ಎಂದೋ, ಅವನಿಗೆ ಸಕ್ಕರೆ ಕಾಯಿಲೆ ಎಂದೋ ನೀವು ತಿಳಿಯಬಾರದು. ಎರಡೂ ಅಲ್ಲ. ಇದಕ್ಕೆಲ್ಲ ಕಾರಣ ಒಂದು ನಾಯಿ. (ಕಾರಣ ನಾನೇ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಆ ಮಾತು ಅವಳು ಬರೆಯುವ ಕಥೆಯಲ್ಲಿ ಬರಲಿ.)

ನಾವು ಇಲ್ಲಿ ಮನೆ ಕಟ್ಟಿಸಿಕೊಂಡು ಬಂದಾಗ ಸುತ್ತ ಮನೆಗಳಿಗಿಂತ ಸೈಟಿನ ಗಡಿಕಲ್ಲುಗಳೇ ಹೆಚ್ಚಾಗಿದ್ದವು. ಹಿತ್ತಿಲ ಬಾಗಿಲಲ್ಲಿ ನಿಂತರೆ ಒಂದು ಲಂಟಾನ ಪೊದೆ ಕಾಣುತ್ತಿತ್ತು. ಅದರಾಚೆ ಇನ್ನೊಂದು ಲಂಟಾನ ಪೊದೆ. ಬಂದ ಆರು ತಿಂಗಳಿಗೇ ಬಚ್ಚಲ ಮನೆಯ ತಾಮ್ರದ ಹಂಡೆ ಕಳುವಾಯಿತು. ಅದು ನನ್ನ ಹೆಂಡತಿ ಶಿವಬಸಮ್ಮನಿಗೆ ತಿಪಟೂರಿನ ತವರಿನವರು ಕೊಟ್ಟ ಹಂಡೆ.

"ನಿಮ್ಮ ಕಡೆಯಿಂದ ಬಂದಿದ್ದಾಗಿದ್ರೆ ಕಳ್ಳನೂ ಮುಟ್ತಿರ್ಲಿಲ್ಲ" ಎಂದಳು. "ಒಂದು ನಾಯಿನಾದ್ರೂ ತನ್ನಿ ಅಂತ ಬಡ್ಕೊಂಡೆ. ಪುಟ್ಟದು ಸಾಕು. ಬೊಗಳಿದ್ರೆ ಆಯ್ತು."

ಪುಟ್ಟದು ಎಂಬ ಮಾತನ್ನು ನಾನು ಮರೆಯಲಿಲ್ಲ. ಮರೆಯುವಂತಾಯಿತು, ಅಷ್ಟೆ. ನಮ್ಮ ಕಚೇರಿಯ ಚಕ್ರಪಾಣಿ ಒಂದು ದಿನ ಬಂದು, ಲ್ಯಾಂಗ್‌ಫರ್ಡ್ ಟೌನಿನಲ್ಲಿ ಮಿಸೆಸ್ ಡಾಲ್ಟನ್ ಎಂಬ ಮುದುಕಿ ಇಂಗ್ಲೆಂಡಿಗೆ ವಾಪಸು ಹೊರಟಿದ್ದಾರೆಂದೂ, ತಮ್ಮ ನಾಯಿಗೆ ಒಳ್ಳೆಯ ಮನೆ ಹುಡುಕುತ್ತಿದ್ದಾರೆಂದೂ, ಇಂಗ್ಲಿಷ್ ಬಲ್ಲವರ ಮನೆಯೇ ಆಗಬೇಕೆಂದೂ ಹೇಳಿದ. ಕಚೇರಿಯಲ್ಲಿ ಇಂಗ್ಲಿಷ್ ಕಾಗದಗಳ ಕರಡು ಬರೆಯುವವನು ನಾನು. ನನ್ನ ಇಂಗ್ಲಿಷಿನ ಬಗ್ಗೆ ನಾನೇ ಹೇಳಿಕೊಳ್ಳಬಾರದು. (ಬೇರೆ ಯಾರೂ ಹೇಳದಿರುವುದರಿಂದ ಹೇಳುತ್ತಿದ್ದೇನೆ.) ಆ ಶನಿವಾರವೇ ಹೋದೆ.

ಮುದುಕಿ ವರಾಂಡದಲ್ಲಿ ನಿಂತು ಒಳಗೆ ತಿರುಗಿ "ಹ್ಯಾಚಾ!" ಎಂದು ಕರೆದರು. ಚಕ್ರಪಾಣಿ ಬರೆದುಕೊಟ್ಟಿದ್ದ ಚೀಟಿಯಲ್ಲಿ ಅದರ ಹೆಸರು 'ಹ್ಯಾಚರ್' ಎಂದಿತ್ತು. ಪಾಪ, ಹಲ್ಲು ಹೋದ ಬಾಯಿ, ಕೊನೆಯ ರಕಾರ ನಿಲ್ಲುವುದಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಒಳಗಿನಿಂದ ನಾಯಿ ಬಂತು.

ಬಂತು ಎಂದರೆ ಸಾಲದು, ಆಗಮಿಸಿತು. ಮೊದಲು ತಲೆ ಬಂತು, ಅದರ ಹಿಂದೆ ಕತ್ತು ಬಂತು, ಇನ್ನೇನು ಮುಗಿಯಿತು ಎಂದುಕೊಂಡರೆ ಬೆನ್ನು ಬರುತ್ತಲೇ ಇತ್ತು. ಬಿಳಿಯ ಮೈ, ಮೇಲೆ ಮಸಿ ಚೆಲ್ಲಿದಂತೆ ಕಪ್ಪು ಮಚ್ಚೆಗಳು. ನಾಲ್ಕು ಕಾಲಿನ ಮೇಲೆ ನಿಂತೇ ನನ್ನ ಕೋಟಿನ ಮೂರನೇ ಗುಂಡಿಯನ್ನು ಮೂಸಿ ನೋಡಿತು. ಆಗ ಅದು ನನ್ನ ಮುಖವನ್ನು ನೋಡಿತು. ಏನು ಕಣ್ಣುಗಳು! ದೊಡ್ಡ ಮನೆತನದ ಹಿರಿಯರೊಬ್ಬರು ಬಡ ನೆಂಟನನ್ನು "ಬಾಪ್ಪ, ಕೂತ್ಕೋ" ಎನ್ನುವಂಥ ನೋಟ. ನೋಡಿ, ಪಕ್ಕಕ್ಕೆ ತಿರುಗಿ, ತನ್ನ ಪೂರ್ತಿ ಭಾರವನ್ನು ನನ್ನ ತೊಡೆಗೆ ಒರಗಿಸಿ ನಿಂತುಬಿಟ್ಟಿತು. ಈ ಜಾತಿಯ ನಾಯಿಗಳು ಇಷ್ಟವಾದವರಿಗೆ ಹೀಗೆಯೇ ಒರಗುತ್ತವಂತೆ. ನನಗೆ ಆ ಕ್ಷಣಕ್ಕೆ ಹಂಡೆಯೂ ಮರೆತುಹೋಯಿತು, ಪುಟ್ಟದು ಎಂಬುದೂ ಮರೆತುಹೋಯಿತು.

ಮುದುಕಿ ಕೈಬರಹದ ಎರಡು ಹಾಳೆ ಸೂಚನೆ ಕೊಟ್ಟರು. ಕಣ್ಣೊರೆಸಿಕೊಂಡು ಒಂದು ಮಾತು ಹೇಳಿದರು. ಹದಿನೈದು ದಿನಕ್ಕೆ ಅವರ ಪ್ರಯಾಣ. ಅಷ್ಟರೊಳಗೆ ನಾಯಿ ನಮ್ಮ ಮನೆಗೆ ಹೊಂದದಿದ್ದರೆ ವಾಪಸು ತಂದುಬಿಡಬೇಕು. ಬೇರೆಯವರ ಮನೆಯಲ್ಲಿ ಕೊರಗಿ ಸಾಯುವುದಕ್ಕಿಂತ, ಡಾಕ್ಟರಿಂದ ಸೂಜಿ ಹಾಕಿಸಿ ತಮ್ಮ ತೊಡೆಯ ಮೇಲೆಯೇ ಕೊನೆಯ ನಿದ್ದೆಗೆ ಮಲಗಿಸುತ್ತಾರಂತೆ. ನಾನು ನಗುತ್ತಾ, ಅಂಥದ್ದೇನೂ ಆಗುವುದಿಲ್ಲ ಎಂದು ಶುದ್ಧವಾದ ಇಂಗ್ಲಿಷಿನಲ್ಲಿ ಆಶ್ವಾಸನೆ ಕೊಟ್ಟೆ.

ಜಟಕಾದವನು ನಾಯಿಯನ್ನು ನೋಡಿ, ತನ್ನ ಕುದುರೆಯನ್ನು ನೋಡಿ, "ಯಾವ್ದನ್ನ ಕಟ್ಲಿ ಸ್ವಾಮೀ ಗಾಡಿಗೆ?" ಎಂದ. ನಡೆದೇ ಬಂದೆವು. ನಾನು ಹಿಡಿದುಕೊಂಡು ಬಂದೆ ಎಂದು ಹೇಳಲಾರೆ. ಲಾಲ್‌ಬಾಗಿನ ಒಳಗೆ ಅದೇ ನನ್ನನ್ನು ತೋರಿಸಿಕೊಂಡು ಬಂತು. ಸಿದ್ದಾಪುರದ ಹತ್ತಿರ ಒಬ್ಬ ಮುದುಕ ತಡೆದು ಸೀಮೆ ಹಸುವಿನ ಕರು ಎಷ್ಟು ತಿಂಗಳದ್ದು ಎಂದು ಕೇಳಿದ. ಬಿರುಸಾಗಿ ಬೊಗಳುತ್ತಾ ಬಂದ ನಾಲ್ಕು ಬೀದಿನಾಯಿಗಳು ಹತ್ತಿರ ಬಂದು ತಲೆಯೆತ್ತಿ ನೋಡಿ, ಬೇರೇನೋ ಕೆಲಸ ನೆನಪಾದವರಂತೆ ಹೊರಟುಹೋದವು. ನಮ್ಮವನು ಅವುಗಳ ಕಡೆ ನೋಡಲೂ ಇಲ್ಲ. ನಾನೂ ನೋಡಲಿಲ್ಲ. ದೊಡ್ಡವರ ಜೊತೆ ನಡೆದರೆ ನಡಿಗೆಯೇ ಬೇರೆಯಾಗುತ್ತದೆ.

ಗೇಟಿನಲ್ಲಿ ಶಿವಬಸಮ್ಮ ನಿಂತಿದ್ದಳು.

"ಏನ್ರೀ ಇದು?"

"ನಾಯಿ ಕಣೇ. ಗ್ರೇಟ್ ಡೇನ್."

"ಧೇನುನಾ? ನಾಯಿ ತನ್ನಿ ಅಂದ್ರೆ ಧೇನು ತಂದ್ರಾ?"

"ಧೇನು ಅಲ್ಲ, ಡೇನ್. ಜಾತಿ ಹೆಸರು."

"ಹಾಲು ಕೊಡತ್ತಾ?"

"ಇಲ್ಲ. ಕುಡಿಯುತ್ತೆ."

"ಪುಟ್ಟದು ಅಂದಿದ್ದೆ."

"ಮುಖ ನೋಡು, ಎಷ್ಟು ಪುಟ್ಟ ಮಗು ಥರ ಇದೆ!"

ಆ ಪುಟ್ಟ ಮಗು ಅವಳನ್ನು ದಾಟಿಕೊಂಡು ನಡುಮನೆಗೆ ಹೊರಟಿತು. ದೇವರ ಕೋಣೆ, ಅಡುಗೆಮನೆ ಎರಡೂ ಅದೇ ದಾರಿಯಲ್ಲಿವೆ. ಅವಳು ಹೌಹಾರಿ "ಹಚಾ! ಹಚಾ!" ಎಂದು ಕೂಗಿದಳು. ನಾಯಿ ತಟ್ಟನೆ ತಿರುಗಿ, ಕಿವಿ ನೆಟ್ಟಗೆ ಮಾಡಿ, ಬಾಲ ಆಡಿಸುತ್ತಾ ಅವಳ ಕಡೆಗೇ ಓಡಿ ಬಂತು. ಬಾಲಕ್ಕೆ ಸಿಕ್ಕಿದ ಹಿತ್ತಾಳೆ ಚೊಂಬು ಅಂಗಳಕ್ಕೆ ಹೋಯಿತು.

"ಹಚಾ ಅಂದ್ರೂ ಮೈಮೇಲೆ ಬರತ್ತಲ್ರೀ! ಎಂಥಾ ಭಂಡ ನಾಯಿ!"

"ಅದಕ್ಕೆ ಕನ್ನಡ ಬರಲ್ಲ. ನೋಡು, ನಾನು ಕರೀತೀನಿ" ಎಂದು ನನ್ನ ಮೇಷ್ಟ್ರು ಕಲಿಸಿದಂತೆ ಕೊನೆಯ ಅಕ್ಷರ ನುಂಗದೆ "ಹ್ಯಾಚರ್ರ್!" ಎಂದೆ. ನಾಯಿ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿತ್ತು.

ಮಿಸೆಸ್ ಡಾಲ್ಟನ್ನರ ಕಾಗದವನ್ನು ಗಟ್ಟಿಯಾಗಿ ಅನುವಾದ ಮಾಡುತ್ತಾ ಓದಿದೆ. ಇಷ್ಟು ದೊಡ್ಡ ನಾಯಿ ಕತ್ತು ಬಗ್ಗಿಸಿ ಉಣ್ಣಬಾರದು, ಪಾತ್ರೆಯನ್ನು ಎತ್ತರದಲ್ಲಿ ಇಡಬೇಕು. (ನನ್ನ ಸ್ಟೂಲು ಹೋಯಿತು.) ಬರಿ ನೆಲದ ಮೇಲೆ ಮಲಗಿದರೆ ಮೊಣಕೈ ಒಡೆಯುತ್ತದೆ, ಮೆತ್ತನೆಯ ಹಾಸಿಗೆ ಬೇಕು. (ಹಾಸಿಗೆಯೂ ಹೋಯಿತು.) ಉಂಡ ಕೂಡಲೇ ಓಡಾಡಿಸಬಾರದು, ವಿಶ್ರಾಂತಿ ಕೊಡಬೇಕು. ಒರಟಾಗಿ ಮಾತಾಡಬಾರದು, ಮನಸ್ಸಿಗೆ ಹಚ್ಚಿಕೊಳ್ಳುತ್ತದೆ.

"ಇಷ್ಟೆಲ್ಲ ನನಗೂ ಯಾರಾದ್ರೂ ಬರ್ಕೊಟ್ಟಿದ್ರೆ ನಿಮಗೆ ಓದಿಸ್ತಿದ್ದೆ" ಎಂದಳು.

ಕೊನೆಯಲ್ಲಿ ಊಟದ ವಿಷಯದ ಹತ್ತಿರ ಒಂದು ಪದಕ್ಕೆ ಎರಡು ಗೆರೆ ಎಳೆದಿದ್ದರು: ಬ್ಯಾಕ್. ಅದರ ಮುಂದಿನ ಸಾಲುಗಳಲ್ಲಿ ಶಾಯಿ ಹರಡಿತ್ತು, ಅಕ್ಷರ ಕೋಳಿ ಕೆದಕಿದಂತಿತ್ತು. ಕನ್ನಡಕ ಒರೆಸಿ ಮತ್ತೆ ನೋಡುವ ಅಗತ್ಯ ನನಗೆ ಕಾಣಲಿಲ್ಲ. "ಬ್ಯಾಕ್ ಅಂದ್ರೆ ಬೆನ್ನು. ಊಟ ಇಡುವಾಗ ಬೆನ್ನು ತಟ್ಟಬೇಕು ಅಂತ ಬರೆದಿದ್ದಾರೆ" ಎಂದು ತೀರ್ಪು ಕೊಟ್ಟೆ.

ಶಿವಬಸಮ್ಮನ ಕೋಪ ಎಷ್ಟಿದ್ದರೂ ಹಸಿದ ಜೀವ ಎದುರಿಗೆ ನಿಂತರೆ ಕರಗಿಹೋಗುತ್ತದೆ. ನಾವು ಲಿಂಗವಂತರು, ಮಾಂಸ ಮನೆಯೊಳಗೆ ಬರುವಂತಿಲ್ಲ. ತೆಂಗಿನಕಾಯಿ ಗಾತ್ರದ ನಾಲ್ಕು ರಾಗಿಮುದ್ದೆ ಮುರಿದು, ಬೇಯಿಸಿದ ಬೇಳೆ ಸುರಿದು, ಎರಡು ಸೇರು ಹಾಲು ಹಾಕಿ ಕಲಸಿ ಸ್ಟೂಲಿನ ಮೇಲೆ ಇಟ್ಟಳು. ನಾಯಿಯ ಬಾಯಿಂದ ಜೊಲ್ಲು ಹಗ್ಗದಂತೆ ಇಳಿಯಿತು. ಅವಳು ಬೆನ್ನು ತಟ್ಟಿ, ಪ್ರೀತಿಯಿಂದ "ಬ್ಯಾಕಾ ಕಂದಾ? ಬ್ಯಾಕಾ?" ಎಂದಳು. ಅವಳ ತವರಿನಲ್ಲಿ 'ಬೇಕಾ' ಎನ್ನುವುದನ್ನು ಬಾಯಿ ಅಗಲಿಸಿ ಹಾಗೆಯೇ ಹೇಳುತ್ತಾರೆ. ಮದುವೆಯಾದಾಗಿನಿಂದ ನಾನು ಅದನ್ನು ಆಡಿಕೊಂಡು ನಗುತ್ತಿದ್ದೇನೆ.

ನಾಯಿ ಪಾತ್ರೆಯನ್ನು ನೋಡಿತು, ಅವಳನ್ನು ನೋಡಿತು, ಒಂದು ದೀರ್ಘವಾದ ನಿಟ್ಟುಸಿರು ಬಿಟ್ಟಿತು. ಆಮೇಲೆ ಹಿಂದೆ ಹಿಂದೆ ಸರಿದು ಗೋಡೆಗೆ ತಗುಲಿ ಕುಳಿತುಬಿಟ್ಟಿತು. ಜೊಲ್ಲು ಮಾತ್ರ ನಿಲ್ಲಲಿಲ್ಲ.

"ಯಾಕೋ ಕಂದಾ? ಬ್ಯಾಕಾ?" ಎಂದು ಅವಳು ಪಾತ್ರೆ ಹಿಡಿದು ಹತ್ತಿರ ಹೋದರೆ ಅದು ಇನ್ನೂ ಹಿಂದೆ ಸರಿದು, ಗೋಡೆ ಮುಗಿದುಹೋದದ್ದರಿಂದ ಮೂಲೆಗೆ ಮುದುಡಿಕೊಂಡಿತು.

ಹೀಗೆಯೇ ಒಂದು ದಿನವಲ್ಲ, ಒಂದು ವಾರ. ಬೆಳಗಿನ ಹೊತ್ತು ಅವಳು ಲಿಂಗಪೂಜೆಗೆ ಕೂತಾಗ ಸದ್ದು ಮಾಡಬಾರದೆಂದು ನಾನು ಬಾಯಿ ಬಿಗಿದುಕೊಂಡು ಇಡುತ್ತಿದ್ದ ಒಂದು ಪಾತ್ರೆ ಹಾಲನ್ನು ಮಾತ್ರ ಕುಡಿಯುತ್ತಿತ್ತು. ಮಧ್ಯಾಹ್ನ, ಸಂಜೆ ಬರಿಯ ನಿಟ್ಟುಸಿರು. ಅಷ್ಟು ದೊಡ್ಡ ಮೈಯಲ್ಲಿ ಪಕ್ಕೆಲುಬುಗಳು ಒಂದೊಂದಾಗಿ ಎದ್ದು ಕಾಣತೊಡಗಿದವು. ಆದರೂ ಎಂಥ ಮರ್ಯಾದಸ್ಥ! ಅಡುಗೆಮನೆಯ ಕಟ್ಟೆ ಅವನ ಗದ್ದದ ಎತ್ತರಕ್ಕಿತ್ತು, ಮೇಲೆ ತುಪ್ಪ ಮೊಸರು ತೆರೆದೇ ಇರುತ್ತಿತ್ತು, ಒಂದು ದಿನವೂ ನಾಲಗೆ ಚಾಚಲಿಲ್ಲ. ಸಂಜೆ ನಾನು ಕಚೇರಿಯಿಂದ ಬಂದರೆ, ನಿಲ್ಲಲು ಶಕ್ತಿ ಸಾಲದಿದ್ದರೂ ಎದ್ದು ಬಂದು ತೊಡೆಗೆ ಒರಗುತ್ತಿದ್ದ. ಆ ಹೊತ್ತಿಗೆ ನನಗೆ ಮುದುಕಿಯ ಸೂಜಿಯ ಮಾತು ನೆನಪಾಗುತ್ತಿತ್ತು. ರಾತ್ರಿ ನನಗೂ ಮುದ್ದೆ ಇಳಿಯುತ್ತಿರಲಿಲ್ಲ.

ಬೈದರೆ ಮಾತ್ರ ಅವನಿಗೆ ಎಲ್ಲಿಲ್ಲದ ಸಂತೋಷ. ಇಟ್ಟಮಡುವಿನಿಂದ ಹಾಲು ತರುವ ಮುನಿಲಕ್ಷ್ಮಮ್ಮ ಮೊದಲ ದಿನ ಗೇಟಿನಲ್ಲಿ ಅವನನ್ನು ಕಂಡು ಹೆದರಿ "ಹಚಾ! ಹಚಾ!" ಎಂದು ಸೆರಗು ಬೀಸಿದ್ದೇ ತಡ, ಅವನು ಹಾರಿ ಬಂದು ಅವಳಿಗೆ ಒರಗಿದ. ಅವಳು ಹಾಲಿನ ಕ್ಯಾನಿನ ಮೇಲೆ ಕುಳಿತಳು.

"ಇದೇನಮ್ಮಾವ್ರೇ ನಿಮ್ ನಾಯಿ! ಬೈದ್ರೆ ಬತ್ತದೆ, ಕರುದ್ರೆ ಓಯ್ತದೆ! ಊರಿಗೆಲ್ಲ ಒಂದ್ ದಾರಿ ಆದ್ರೆ ಇದುಕ್ಕೇ ಒಂದ್ ದಾರಿ!"

ನಾನು ವಿಷಯವನ್ನು ವೈಜ್ಞಾನಿಕವಾಗಿ ಆಲೋಚಿಸಿದೆ. ಆಂಗ್ಲರ ಮನೆಯ ನಾಯಿ, ರಾಗಿ ಒಗ್ಗುತ್ತಿಲ್ಲ. ಮಾಂಸವಂತೂ ಆಗದು, ಕೊನೆಗೆ ಮೊಟ್ಟೆಯಾದರೂ ಕೊಟ್ಟರೆ ಜೀವ ಉಳಿದೀತು. ಜೀವಮಾನದಲ್ಲಿ ಮೊಟ್ಟೆ ಮುಟ್ಟದವನು ನಾನು. ಆರು ಮೊಟ್ಟೆಗಳನ್ನು ಟಿಫನ್ ಕ್ಯಾರಿಯರಿನಲ್ಲಿ ಅಡಗಿಸಿ, ಬಸ್ಸಿನಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆಂದು ಬೆವರುತ್ತಾ ತಂದೆ. ಹಿತ್ತಿಲಿನಲ್ಲಿ ಒಂದನ್ನು ಒಡೆದು ತಟ್ಟೆಗೆ ಹಾಕಿದೆ. ಅವನು ಬಾಗಿದ, ನಾಲಗೆ ಹೊರಗೆ ಬಂತು, ಇನ್ನೇನು ನೆಕ್ಕಬೇಕು, ಅಷ್ಟರಲ್ಲಿ ಬಾಗಿಲಲ್ಲಿ ಸಿಡಿಲು:

"ಮೊಟ್ಟೆ! ಈ ವಯಸ್ಸಲ್ಲಿ ಮೊಟ್ಟೆ ಬ್ಯಾಕಾ ನಿಮಗೆ?"

ನಾಯಿ ತಟ್ಟೆ ಬಿಟ್ಟು ಹಿಂದೆ ಸರಿದು ಗೋಡೆಗೆ ಒರಗಿ ಕೂತಿತು. ನಾನೂ ಅದರ ಪಕ್ಕದಲ್ಲಿ ನಿಂತೆ.

"ನನಗಲ್ಲ ಕಣೇ, ಅವನಿಗೆ!"

"ಅವನೇ ಎಷ್ಟೋ ವಾಸಿ. ಹೇಗೆ ದೂರ ಹೋಗಿ ಕೂತ ನೋಡಿ. ಅವನಿಗಿರೋ ಆಚಾರ ನಿಮಗಿಲ್ಲ!"

ಒಂಬತ್ತನೇ ದಿನ ಭಾನುವಾರ. ಮಾರನೆಯ ದಿನ ಬೆಳಗ್ಗೆ ನಾಯಿಯನ್ನು ವಾಪಸು ಕರೆದುಕೊಂಡು ಹೋಗುವುದೆಂದು ತೀರ್ಮಾನಿಸಿದ್ದೆ. ಶಿವಬಸಮ್ಮ ಅಡುಗೆಮನೆಯಲ್ಲಿ ಮೂಗು ಒರೆಸಿಕೊಳ್ಳುತ್ತಾ, ಹೊಗೆ ಜಾಸ್ತಿ ಎನ್ನುತ್ತಿದ್ದಳು. ಒಲೆ ಆರಿ ಬಹಳ ಹೊತ್ತಾಗಿತ್ತು. ಆ ಹೊತ್ತಿಗೆ ಸರಿಯಾಗಿ ತಿಪಟೂರಿನಿಂದ ನನ್ನ ಮಾವ ರೇವಣಸಿದ್ದಪ್ಪನವರು ಬಂದರು. ಹೊಸ ಹಂಡೆಯನ್ನು ಹೊತ್ತ ಕೂಲಿಯವನು ಹಿಂದಿದ್ದ. ಹಣೆಯ ತುಂಬ ವಿಭೂತಿ ಧರಿಸಿದ ಮಾವನವರು ಮುಂದಿದ್ದರು.

ಗೇಟು ತೆಗೆದು ನಾಲ್ಕು ಹೆಜ್ಜೆ ಇಟ್ಟವರು ನಾಯಿಯನ್ನು ಕಂಡು ಕೊಡೆ ಎತ್ತಿದರು. "ಹಚಾ!" ಎಂದರು. ಮಲಗಿದ್ದವನು ಎದ್ದ. "ಹಚಾ! ಹಚಾ!" ಎಂದರು. ಓಡಿದ. ಮಾವನವರು ಜಗಲಿಯ ಮೇಲೆ ಹತ್ತಿದರು. ಅಲ್ಲಿಂದ ತಿಪಟೂರಿಗೆ ಕೇಳುವಂತೆ "ಹಚಾಽಽ!" ಎಂದರು. ಇಷ್ಟು ಅಕ್ಕರೆಯಿಂದ ತನ್ನನ್ನು ಈ ಮನೆಯಲ್ಲಿ ಯಾರೂ ಕರೆದಿರಲಿಲ್ಲ ಎನ್ನುವಂತೆ ಅವನು ಎರಡು ಮುಂಗಾಲುಗಳನ್ನು ಮಾವನವರ ಹೆಗಲ ಮೇಲಿಟ್ಟು, ಹಣೆಯ ಈ ತುದಿಯಿಂದ ಆ ತುದಿಗೆ ಒಂದೇ ಸಲಕ್ಕೆ ವಿಭೂತಿ ನೆಕ್ಕಿದ. ಕೂಲಿಯವನು ಹಂಡೆ ಬೋರಲು ಹಾಕಿಕೊಂಡು ಅದರ ಹಿಂದೆ ಕುಳಿತ.

"ಅಳಿಯಂದ್ರೇ! ಓಡ್ಸಿದಷ್ಟೂ ಮೈಮೇಲೆ ಬತ್ತದಲ್ರೀ!"

ನಾನು "ಹ್ಯಾಚರ್ರ್! ಹ್ಯಾಚರ್ರ್!" ಎಂದು ಅರಚುತ್ತಿದ್ದೆ. ಯಾರಿಗೂ ಉಪಯೋಗವಾಗಲಿಲ್ಲ. ಶಿವಬಸಮ್ಮ ಮಾತ್ರ ಬಾಗಿಲಲ್ಲಿ ನಿಂತು ಕೂಗುತ್ತಲೂ ಇರಲಿಲ್ಲ, ನಗುತ್ತಲೂ ಇರಲಿಲ್ಲ. ಅವಳು ಏನನ್ನೋ ಕೂಡಿಸಿ ನೋಡುತ್ತಿದ್ದಳು.

"ಅಪ್ಪಾಜಿ, ಸ್ವಲ್ಪ ಸುಮ್ನಿರಿ" ಎಂದಳು. ಆಮೇಲೆ, ಯಾರನ್ನೂ ಓಡಿಸುವ ದನಿಯಲ್ಲಲ್ಲ, ತೀರ ಮೆಲ್ಲಗೆ, "ಹಚಾ" ಎಂದಳು.

ಅವನು ಮಾವನವರನ್ನು ಬಿಟ್ಟು ಅವಳ ಎದುರಿಗೆ ಬಂದು ನಿಂತ.

"ಬ್ಯಾಕಾ?" ಎಂದಳು.

ಅವನು ಹಿಂದೆ ಹಿಂದೆ ಹೋಗಿ ಗೋಡೆಗೆ ತಗುಲಿ ಕುಳಿತ.

"ರೀ, ಆ ಕಾಗದ ತನ್ನಿ. ಆ ಕೊನೇ ಸಾಲು ಓದಿ. ಕನ್ನಡಕ ಒರೆಸ್ಕೊಂಡು ಓದಿ."

ಒರೆಸಿಕೊಂಡು, ಬಿಸಿಲಿಗೆ ಹಿಡಿದು ಓದಿದೆ. ಬರೆದಿದ್ದದ್ದು ಇಷ್ಟು: ಬ್ಯಾಕ್ ಎಂಬ ಒಂದು ಮಾತು ಸಾಕು, ಎದುರಿಗೆ ಎಂಥ ತಿಂಡಿ ಇದ್ದರೂ ಮುಟ್ಟದೆ ಹಿಂದಕ್ಕೆ ಹೋಗಿ ಕೂರುತ್ತಾನೆ, ಮತ್ತೆ ಹೆಸರು ಹಿಡಿದು ಕರೆಯುವವರೆಗೆ ಹಸಿದು ಸತ್ತರೂ ಆ ತಿಂಡಿಗೆ ಬಾಯಿ ಹಾಕುವುದಿಲ್ಲ, ದಯವಿಟ್ಟು ಜೋಪಾನ.

"ಬೆನ್ನು ಅಂದ್ರಲ್ಲ?"

"ಅದು... ಬೆನ್ನು ಅಂತಾನೂ ಅರ್ಥ ಇದೆ."

"ಬಸ್ಸು ತಿರುಗ್ಸೋವಾಗ ಕಂಡಕ್ಟರು ಬ್ಯಾಕ್ ಬ್ಯಾಕ್ ಅಂತ ಕೂಗ್ತಾನಲ್ಲ, ಅವನೇನು ಡ್ರೈವರ್ ಬೆನ್ನು ತಟ್ತಾನಾ?"

ಇಪ್ಪತ್ತು ವರ್ಷ ಕರಡು ಬರೆದ ನನ್ನ ಇಂಗ್ಲಿಷನ್ನು ಒಬ್ಬ ಬಸ್ ಕಂಡಕ್ಟರ್ ಸೋಲಿಸಿದ್ದ. ಅದಕ್ಕಿಂತ ಸಂಕಟವಾದದ್ದು ಬೇರೆ. ದಿನವೂ ಎರಡು ಹೊತ್ತು ಆ ಪ್ರಾಣಿಯ ಎದುರಿಗೆ ಊಟ ಇಟ್ಟು, ಬೆನ್ನು ತಟ್ಟಿ, ಮುಟ್ಟಬೇಡ ಎಂದು ಹೇಳಿದ್ದೆವು. ಅವನು ಮುಟ್ಟಿರಲಿಲ್ಲ. ನಮ್ಮ ಮೇಲೆ ಹಲ್ಲು ಕಿರಿದಿರಲಿಲ್ಲ, ಗುರ್ ಎಂದಿರಲಿಲ್ಲ. ಮಾತು ಎಂದರೆ ಮಾತು ಎಂದು, ಜೊಲ್ಲು ಸುರಿಸುತ್ತಾ ಗೋಡೆಗೆ ಒರಗಿ ಕುಳಿತಿದ್ದ. ಅಂಥವನನ್ನು ನಾನು ಮಾರನೆಯ ದಿನ ಸೂಜಿಗೆ ಒಪ್ಪಿಸಲು ಹೊರಟಿದ್ದೆ.

ಅವಳು ಒಳಗೆ ಹೋಗಿ, ನಮ್ಮ ಊಟಕ್ಕೆಂದು ಕಟ್ಟಿಟ್ಟಿದ್ದ ಮುದ್ದೆಗಳನ್ನೆಲ್ಲ ಕಲಸಿ ತಂದು ಸ್ಟೂಲಿನ ಮೇಲಿಟ್ಟಳು. ಎರಡು ಹೆಜ್ಜೆ ಹಿಂದೆ ನಿಂತು "ಹಚಾ, ಬಾರೋ ಕಂದಾ, ಹಚಾ" ಎಂದಳು. ಅವನು ಬಂದ. ಒಂದು ಸಲ ಅವಳ ಮುಖ ನೋಡಿ ಖಾತ್ರಿ ಮಾಡಿಕೊಂಡು ಬಾಯಿ ಹಾಕಿದ. ಪಾತ್ರೆಯ ಜೊತೆಗೆ ಸ್ಟೂಲೂ ಅಂಗಳದ ತುಂಬ ಓಡಾಡಿತು. ನಾನು ಅತ್ತೆ. ಹೇಳಿಕೊಳ್ಳುವುದಕ್ಕೆ ನಾಚಿಕೆ ಏನಿಲ್ಲ. ಮಾವನವರು ಬರಿ ಹಣೆಯಲ್ಲಿ ಜಗಲಿಯ ಮೇಲೆ ನಿಂತು, "ಉಣ್ಲಿ ಬಿಡ್ರಿ. ನಮ್ಗೆ ಅವಲಕ್ಕಿ ಆಯ್ತದೆ" ಎಂದರು.

ಸೋಮವಾರ ನಾನು ಒಬ್ಬನೇ ಲ್ಯಾಂಗ್‌ಫರ್ಡ್ ಟೌನಿಗೆ ಹೋಗಿ ಸುದ್ದಿ ಹೇಳಿದೆ. ಹೊರಡುವ ಮೊದಲು ಒಂದು ಸಲ ನೋಡುತ್ತೇನೆಂದು ಮಿಸೆಸ್ ಡಾಲ್ಟನ್ ಬಾಡಿಗೆ ಕಾರಿನಲ್ಲಿ ನಮ್ಮ ಮನೆಗೇ ಬಂದರು. ನಾಯಿ ಹಿತ್ತಿಲಿನಲ್ಲಿದ್ದ. ನಾನು ಮುಂದೆ ನಿಂತು, ಅತಿಥಿಗಳ ಗೌರವಾರ್ಥ ಕಂಠ ಸರಿಮಾಡಿಕೊಂಡು "ಹ್ಯಾಚರ್ರ್!" ಎಂದೆ. ಗಾಳಿ ಬೀಸಿತು. ಶಿವಬಸಮ್ಮ ಒಳಗಿನಿಂದ "ಹಚಾ!" ಎಂದಳು. ಅವನು ಮನೆಯನ್ನು ಸೀಳಿಕೊಂಡು ಬಂದ. ಮುದುಕಿಯ ಕತ್ತನ್ನು ಮೂಸಿದ, ಕೈ ನೆಕ್ಕಿದ. ಆಮೇಲೆ ಬಂದು ಶಿವಬಸಮ್ಮನಿಗೆ ಒರಗಿ ನಿಂತ. ಮುದುಕಿ ಕಣ್ಣೊರೆಸಿಕೊಂಡು, ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು: "ಈ ಊರಿನಲ್ಲಿ ಮೂವತ್ತು ವರ್ಷ ಇದ್ದೆ. ನಿಮ್ಮ ಹೆಂಡತಿಯಷ್ಟು ಶುದ್ಧವಾದ ಉಚ್ಚಾರಣೆ ಎಲ್ಲೂ ಕೇಳಲಿಲ್ಲ. ನೀವೂ ಅವರ ಹತ್ತಿರ ಕಲಿತುಕೊಳ್ಳಿ."

"ಏನಂದ್ರು?" ಎಂದು ಶಿವಬಸಮ್ಮ ಕೇಳಿದಳು.

"ಕಾಫಿ ಚೆನ್ನಾಗಿತ್ತಂತೆ" ಎಂದೆ.

(ಚಕ್ರಪಾಣಿ ಅದನ್ನು ಹೇಗೋ ತಿಳಿದು ಅವಳಿಗೆ ಹೇಳಿದ. ಅವನ ವಿಷಯ ಇಲ್ಲಿ ಬೇಡ.)

ಅಂದಿನಿಂದ ನಮ್ಮ ಮನೆಯಲ್ಲಿ 'ಬೇಕಾ' ಎಂಬ ಪದ ನಿಷಿದ್ಧ. ಅವನ ಮನಸ್ಸು ನೋಯುತ್ತದಂತೆ. ನನಗೆ ಏನಾದರೂ ಬೇಕಿದ್ದರೆ ನಾನೇ ಬಾಯಿ ಬಿಟ್ಟು ಕೇಳಬೇಕು, ಕೇಳಿದರೆ "ಹೊಟ್ಟೆಬಾಕರ ಹಾಗೆ ಕೇಳ್ತೀರಲ್ಲ, ಅವನು ಒಂದು ದಿನ ಕೇಳಿದ್ದಾನಾ?" ಎಂಬ ಹೋಲಿಕೆ ಬರುತ್ತದೆ. ಹಂಡೆ ಈಗ ಭದ್ರವಾಗಿದೆ. ಒಂದು ಮಧ್ಯಾಹ್ನ ಯಾರೋ ಒಬ್ಬ ಹಿತ್ತಿಲ ಗೋಡೆ ಹಾರಿ ಬಂದು, ನಾಯಿಯನ್ನು ಕಂಡು 'ಹಚಾ' ಎಂದು ಹೇಳಿ ತಪ್ಪು ಮಾಡಿದನಂತೆ. ಮುನಿಲಕ್ಷ್ಮಮ್ಮ ಬಂದು ನೋಡುವಾಗ ಸೀಬೆಮರದ ತುದಿಯಲ್ಲಿ ಕೂತು ಇನ್ನೂ 'ಹಚಾ' ಎನ್ನುತ್ತಲೇ ಇದ್ದ, ಕೆಳಗೆ ನಮ್ಮವನು ಬಾಲ ಆಡಿಸುತ್ತಲೇ ಇದ್ದ.

ಈ ಸಲದ ಯುಗಾದಿಗೆ ಮಾವನವರು ಬಂದಿದ್ದರು. ಈಗ ಅವರು ನಾಯಿಗೆಂದೇ ಒಂದು ವಿಭೂತಿ ಗಟ್ಟಿ ಜಾಸ್ತಿ ತರುತ್ತಾರೆ. ಜಗಲಿಯಲ್ಲಿ ಅವರು, ಅವರ ಕಾಲ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದ ಅವನು, ಪಕ್ಕದಲ್ಲಿ ಪೇಪರು ಹಿಡಿದ ನಾನು. ಒಳಗಿನಿಂದ ತುಪ್ಪದಲ್ಲಿ ಬೇಯುವ ಹೋಳಿಗೆಯ ವಾಸನೆ ಬಂತು. ಅದರ ಹಿಂದೆಯೇ ಶಿವಬಸಮ್ಮನ ದನಿ ಬಂತು. ಮದುವೆಯಾಗಿ ಹತ್ತೊಂಬತ್ತು ವರ್ಷಗಳಲ್ಲಿ ನನ್ನನ್ನು ಅಷ್ಟು ಇಂಪಾಗಿ ಅವಳು ಕರೆದದ್ದಿಲ್ಲ.

"ಹಚಾ... ಬಾ, ಬಿಸಿಬಿಸಿ ಇದೆ."

ನಾನು ಎದ್ದು ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ನಿಂತ ಮೇಲೆ ನನಗೆ ಗೊತ್ತಾಯಿತು, ಏನಾಯಿತೆಂದು.

ಅವಳು ಹೋಳಿಗೆ ಹಿಡಿದು ತಿರುಗಿದಳು. ನನ್ನ ಹಿಂದೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ನಾಯಿ ಜಗಲಿಯಲ್ಲಿ ಗೊರಕೆ ಹೊಡೆಯುತ್ತಿದ್ದ.

"ಅಳಿಯಂದ್ರೂ ಚೆನ್ನಾಗಿ ಕಲ್ತವ್ರೆ ಬುಡಮ್ಮ" ಎಂದು ಮಾವನವರು ಹೊರಗಿನಿಂದ ಹೇಳಿದರು.

ಅವಳು ನಗು ತಡೆದುಕೊಂಡು ಹೋಳಿಗೆಯನ್ನು ನನ್ನ ಕೈಗಿಟ್ಟಳು. ಬಾಗಿಲಲ್ಲೇ ನಿಂತು ತಿಂದೆ. ಬಹಳ ಚೆನ್ನಾಗಿತ್ತು. ಇನ್ನೊಂದು ಬೇಕಾ ಎಂದು ಯಾರೂ ಕೇಳಲಿಲ್ಲ.